ಜಾದೂ ಕಲಿಯೋಕೆ ಹೊರಟಿದ್ದೇನೆ, ಏನು ಕೊಳ್ಳಬಾರದು ಅಂತ ಹೇಳಿ

ಶಿವಮೊಗ್ಗ_ಹೊಸಬ:
ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಜಾದೂ ಕಲಿಯಬೇಕು ಅಂತ ಆಸೆ. ವೇದಿಕೆ ಹತ್ತುವ ಯೋಚನೆ ಏನೂ ಇಲ್ಲ. ಮನೆಯಲ್ಲಿ, ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಮರ್ಯಾದೆಯಾಗಿ ಮಾಡುವಷ್ಟು ಬಂದರೆ ಸಾಕು. ಆನ್‌ಲೈನ್‌ನಲ್ಲಿ ಕಾರ್ಟ್‌ಗೆ ಹಾಕಿಟ್ಟಿರುವುದು ಇಷ್ಟು: 'ನೂರೈವತ್ತು ಟ್ರಿಕ್' ಅಂತ ಬರೆದಿರುವ ಡಬ್ಬಿ, ಬೈಸಿಕಲ್ ಬ್ರ್ಯಾಂಡಿನ ಇಸ್ಪೀಟು ಎರಡು ಪ್ಯಾಕ್, ಸ್ವೆಂಗಾಲಿ ಡೆಕ್ (ಅರ್ಧದಷ್ಟು ಎಲೆ ಒಂದೇ ಆಗಿರುವ ಟ್ರಿಕ್ ಕಟ್ಟು), ಇನ್ವಿಸಿಬಲ್ ಡೆಕ್ (ನೋಡುವವರು ಹೇಳಿದ ಎಲೆ ಮಾತ್ರ ತಿರುಗಿ ಬಿದ್ದಿರುವಂತೆ ತೋರಿಸುವ ಕಟ್ಟು), ಥಂಬ್ ಟಿಪ್ (ಹೆಬ್ಬೆರಳಿಗೆ ಹಾಕುವ ಟೊಳ್ಳು ಪ್ಲಾಸ್ಟಿಕ್ ತುದಿ), ಸ್ಪಾಂಜ್ ಬಾಲ್, ಹಿತ್ತಾಳೆ ಕಪ್ಸ್ ಅಂಡ್ ಬಾಲ್ಸ್, ಇನ್ವಿಸಿಬಲ್ ಥ್ರೆಡ್ (ಕಣ್ಣಿಗೆ ಕಾಣದಷ್ಟು ತೆಳು ದಾರ), ಅಮೆರಿಕದ ಹಾಫ್ ಡಾಲರ್ ನಾಣ್ಯ ನಾಲ್ಕು. ಒಟ್ಟು ಒಂಬತ್ತು ಸಾವಿರದ ಹತ್ತಿರ ಬರುತ್ತಿದೆ. ಹೆಂಡತಿ ನೋಡುವ ಮುಂಚೆ ನೀವು ನೋಡಿ. ಯಾವುದು ಇಡಲಿ, ಯಾವುದು ತೆಗೆಯಲಿ?

ಎಲೆ_ಕಲೆಸುವವ:
ಪೇಮೆಂಟ್ ಒತ್ತಬೇಡಿ ಮಾರಾಯ್ರೆ!

ಮೊದಲು ಆ ಡಬ್ಬಿ ತೆಗೆಯಿರಿ. ಮೇಲೆ ನೂರೈವತ್ತು ಅಂತ ಇರುತ್ತದೆ. ಒಳಗೆ ಒಂದು ಪುಟ್ಟ ಎಲೆ ಕಟ್ಟು, ಮೂರು ಪ್ಲಾಸ್ಟಿಕ್ ಕಪ್, ತುಂಡು ಹಗ್ಗ, ಡ್ರಾಯರ್ ಇರುವ ಒಂದು ಪೆಟ್ಟಿಗೆ. ಆ ಒಂದೇ ಕಟ್ಟಿನಲ್ಲಿ ಮಾಡಬಹುದಾದ ಆಟಗಳನ್ನೆಲ್ಲ ಎಣಿಸಿ ಸಂಖ್ಯೆ ಏರಿಸಿರುತ್ತಾರೆ. ಹತ್ತು ವರ್ಷದ ಮಗುವಿಗೆ ಉಡುಗೊರೆ ಕೊಡೋಕೆ ಪರವಾಗಿಲ್ಲ, ನಿಮಗೆ ಯಾಕೆ?

ಸ್ವೆಂಗಾಲಿ ಡೆಕ್ ಕೂಡ ಬೇಡ. ಜಾತ್ರೆ, ವಸ್ತುಪ್ರದರ್ಶನಗಳಲ್ಲಿ 'ಮ್ಯಾಜಿಕ್ ಎಲೆ' ಅಂತ ಮಾರುವುದು ಹೆಚ್ಚಾಗಿ ಇದನ್ನೇ. ಮಾರುವವರ ಕೈಯಲ್ಲಿ ಅದು ಅದ್ಭುತವಾಗಿ ಕಾಣುತ್ತದೆ, ಯಾಕೆಂದರೆ ಅವರು ದಿನಕ್ಕೆ ನೂರು ಸಲ ಅದನ್ನೇ ಮಾಡುತ್ತಾರೆ, ಎದುರಿಗೆ ಇರುವವರಿಗೆ ಮುಟ್ಟೋಕೂ ಬಿಡೋದಿಲ್ಲ. ನೀವು ಮನೆಗೆ ತಂದು ಒಂದು ಸಲ ತೋರಿಸುತ್ತೀರಿ, ಭಾವಮೈದ 'ಕೊಡಿ ಇಲ್ಲಿ ನೋಡೋಣ' ಅಂತ ಕೈ ಚಾಚುತ್ತಾನೆ. ಅಲ್ಲಿಗೆ ಕತೆ ಮುಗಿಯಿತು. ನಮ್ಮ ಮನೆಗಳಲ್ಲಿ ಜಾದೂ ನೋಡುವವರು ಸುಮ್ನೆ ಕೂತು ಚಪ್ಪಾಳೆ ತಟ್ಟುವವರಲ್ಲ, ಕಿತ್ತುಕೊಂಡು ನೋಡುವವರು. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ, ಆಟ ಮುಗಿದ ಮೇಲೆ ಇದನ್ನು ಅವರ ಕೈಗೆ ಕೊಡಬಹುದಾ? ಆಗಲ್ಲ ಅಂದರೆ ಮೊದಲ ವರ್ಷಕ್ಕೆ ಅದು ನಿಮಗೆ ಬೇಡ.

ಇನ್ನು ಈ ಖರ್ಚು ಯಾಕೆ ನಿಲ್ಲೋದಿಲ್ಲ ಅಂತ ಹೇಳುತ್ತೇನೆ. ಹೊಸ ಟ್ರಿಕ್ ಒಂದರ ಟ್ರೇಲರ್ ನೋಡುತ್ತೀರಿ. ಒಳ್ಳೆ ಸಂಗೀತ, ಬೀದಿಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಕಿರುಚುತ್ತಾರೆ, ಕ್ಯಾಮೆರಾ ಸರಿಯಾಗಿ ಅಡ್ಡಬಿದ್ದ ಕೈಯ ಆ ಕಡೆಗೇ ಇರುತ್ತದೆ. ಎರಡು ಸಾವಿರ ಕೊಡುತ್ತೀರಿ. ಪ್ಯಾಕೆಟ್ ಒಡೆದರೆ ಒಂದು ಮಡಚಿದ ಎಲೆಯೋ, ತುಂಡು ರಬ್ಬರೋ. 'ಇಷ್ಟೇನಾ?' ಅನಿಸುತ್ತದೆ. ಜಾದೂದಲ್ಲಿ ಪ್ರತಿ ಗುಟ್ಟೂ ತಿಳಿದ ಕ್ಷಣ ಇಷ್ಟೇನಾ ಅಂತಲೇ ಅನಿಸೋದು, ಅದು ವಸ್ತುವಿನ ದೋಷವಲ್ಲ. ಆದರೆ ಹೊಸಬರು ಅದನ್ನು ಡ್ರಾಯರಿಗೆ ಹಾಕಿ ಮುಂದಿನ ಟ್ರೇಲರ್ ನೋಡುತ್ತಾರೆ. ನನಗೆ ಗೊತ್ತಿರುವ ಹವ್ಯಾಸಿಗಳಲ್ಲಿ ಜಾಸ್ತಿ ಜನರ ಮನೆಯಲ್ಲಿ ಅಂಥ ಡ್ರಾಯರ್ ಒಂದು ಇದೆ, ಅದರಲ್ಲಿ ಒಂದೇ ಒಂದು ಸಲ ಕೂಡ ಯಾರಿಗೂ ತೋರಿಸದ ಸಾಮಾನು ತುಂಬಿದೆ.

ಹುಬ್ಬಳ್ಳಿ_ಮಂದಿ:
ನಮ್ಮ ಮನೆಯಾಗ ಡ್ರಾಯರ್ ಅಲ್ಲ ರೀ, ಟ್ರಂಕ್ ಐತಿ.

ಜೇಬಲ್ಲಿ_ನಾಣ್ಯ:
ಹಾಫ್ ಡಾಲರ್ ಬಗ್ಗೆ ನಾನು ಹೇಳುತ್ತೇನೆ. ಇಂಗ್ಲಿಷ್ ಪುಸ್ತಕ, ವಿಡಿಯೋ ಎಲ್ಲದರಲ್ಲೂ ಅದನ್ನೇ ಬಳಸುತ್ತಾರೆ ಅಂತ ನಮ್ಮವರೂ ಅದನ್ನೇ ತರಿಸುತ್ತಾರೆ. ಅದರ ಅಳತೆ 30.6 ಮಿಲಿಮೀಟರ್, ತೂಕ 11 ಗ್ರಾಂ ಚಿಲ್ಲರೆ. ಅಂಗೈಯಲ್ಲಿ ಹಿಡಿದು ಅಡಗಿಸೋಕೆ ಒಳ್ಳೆ ಗಾತ್ರ, ಒಪ್ಪುತ್ತೇನೆ. ಆದರೆ ದಾವಣಗೆರೆಯಲ್ಲಿ ಜೇಬಿನಿಂದ ಹಾಫ್ ಡಾಲರ್ ತೆಗೆದರೆ ಜನ ಜಾದೂ ನೋಡೋಕೆ ಮುಂಚೆಯೇ 'ಇದೇನಿದು, ಟ್ರಿಕ್ ನಾಣ್ಯನಾ?' ಅಂತ ಕೇಳುತ್ತಾರೆ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಇದೆ. ಎರಡು ಬಣ್ಣ ಇರೋದರಿಂದ ದೂರಕ್ಕೂ ಕಾಣುತ್ತದೆ. ಕಲಿಯೋಕೆ ಅದು ಧಾರಾಳ ಸಾಕು, ಮೇಲಾಗಿ ನೋಡುವವರ ಜೇಬಿನಿಂದಲೇ ಇಸಿದುಕೊಳ್ಳಬಹುದು. ಇಸಿದುಕೊಂಡ ನಾಣ್ಯ ಮಾಯ ಆದರೆ ಬರುವ ಮಜವೇ ಬೇರೆ. ಇಪ್ಪತ್ತು ರೂಪಾಯಿದೂ ಅಷ್ಟೇ ಅಗಲ, ಆದರೆ ಹನ್ನೆರಡು ಮೂಲೆ ಇದೆ, ಅಂಗೈಯಲ್ಲಿ ಹಿಡಿತ ಬೇರೆ ಥರ. ಮೊದಲು ದುಂಡಗಿನದರಲ್ಲೇ ಕಲಿಯಿರಿ.

ಒಂದು ರೂಪಾಯಿಯ ಈಗಿನ ನಾಣ್ಯ ಮಾತ್ರ ಬೇಡ. ಅದು ತೀರ ಚಿಕ್ಕದು, ಬೆರಳ ಸಂದಿಯಿಂದ ಜಾರಿ ಬೀಳುತ್ತದೆ. ಕೆಲವರು ತಮ್ಮ ಕೈಯೇ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ, ತಪ್ಪು ನಾಣ್ಯದ್ದು.

ಮನೆಯಲ್ಲಿ ಅಜ್ಜಿ ಕಾಲದ ಬ್ರಿಟಿಷರ ಬೆಳ್ಳಿ ರೂಪಾಯಿ ಇದ್ದರೆ ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ತೂಕ 11.66 ಗ್ರಾಂ, ಅಗಲ ಹೆಚ್ಚುಕಮ್ಮಿ ಹಾಫ್ ಡಾಲರ್‌ನಷ್ಟೇ. ಅಂದರೆ ನೀವು ಡಾಲರ್ ಕೊಟ್ಟು ತರಿಸೋದು ದೇವರ ಮನೆಯ ಡಬ್ಬಿಯಲ್ಲಿ ಇರಬಹುದು. ಅಜ್ಜಿಯನ್ನು ಕೇಳಿ ತೆಗೆದುಕೊಳ್ಳಿ, ಹಾಸಿಗೆ ಮೇಲೆ ಕೂತು ಅಭ್ಯಾಸ ಮಾಡಿ. ನೆಲಕ್ಕೆ ಬಿದ್ದರೆ ಅಂಚು ಹೋಗುತ್ತದೆ.

ಒಹಾಯೋ_ಕನ್ನಡಿಗ:
ಎಲೆ_ಕಲೆಸುವವ ಅವರೇ, ಬೈಸಿಕಲ್ ಬಗ್ಗೆ ಏನೂ ಹೇಳಲಿಲ್ಲ ನೀವು. ಅದನ್ನಾದರೂ ಇಟ್ಟುಕೊಳ್ಳಲಿ ಅಲ್ವಾ?

ನಾನಿರುವ ಊರಿಗೂ ಆ ಎಲೆಗೂ ಹತ್ತಿರದ ನಂಟು. 1885ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾದ ಬ್ರ್ಯಾಂಡ್ ಅದು. ಇಲ್ಲಿ ದಿನಸಿ ಅಂಗಡಿಯಲ್ಲೂ ಸಿಗುತ್ತದೆ, ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಜಾದೂಗಾರರು ಅದನ್ನು ಬಳಸೋಕೆ ಮುಖ್ಯ ಕಾರಣವೇ ಅದು, ನೋಡುವವರಿಗೆ ಅದು ತೀರ ಮಾಮೂಲಿ ಎಲೆ. ಇನ್ನೊಂದು ಕಾರಣ, ಟ್ರಿಕ್ ಎಲೆ ತಯಾರಿಸುವವರು ಬಹುಪಾಲು ಆ ಕೆಂಪು ಅಥವಾ ನೀಲಿ ಬೆನ್ನಿನ ವಿನ್ಯಾಸಕ್ಕೇ ಹೊಂದಿಸುತ್ತಾರೆ. ಕಾಗದದ ಮೇಲೆ ಸಣ್ಣ ಸಣ್ಣ ಗುಳಿ ಇರುವ ಫಿನಿಶ್ ಇದೆ, ಬೀಸಣಿಗೆಯಂತೆ ಹರಡಿದರೆ ಸಮವಾಗಿ ಹರಡುತ್ತದೆ. ಪೂರ್ತಿ ಪ್ಲಾಸ್ಟಿಕ್ ಎಲೆಯಲ್ಲಿ ಎರಡು ಎಲೆ ಒಟ್ಟಿಗೆ ಎತ್ತೋಕೆ ಹೋದರೆ ಒಂದು ಜಾರಿ ಅಡ್ಡ ತಿರುಗುತ್ತದೆ.

ಎಲೆ_ಕಲೆಸುವವ:
ಒಂದು ಪ್ಯಾಕ್ ಇಟ್ಟುಕೊಳ್ಳಲಿ ಸಾರ್, ಬೇಡ ಅನ್ನೋದಿಲ್ಲ. ಆದರೆ ನೀವೇ ಹೇಳಿದ ಕಾರಣ ತಿರುಗಿಸಿ ನೋಡಿ. ಅಲ್ಲಿ ಅದು ಮಾಮೂಲಿ ಎಲೆ. ಶಿವಮೊಗ್ಗದಲ್ಲಿ ಸೈಕಲ್ ಮೇಲೆ ಕೂತ ರೆಕ್ಕೆ ಗೊಂಬೆ ಇರುವ ಎಲೆ ತೆಗೆದರೆ ಅದು 'ಜಾದೂ ಎಲೆ'. ಇಲ್ಲಿ ಮಾಮೂಲಿ ಅಂದರೆ ರಮ್ಮಿ ಆಡುವ ಎಲೆ. ಮದುವೆ ಛತ್ರದಲ್ಲಿ ರಾತ್ರಿ ಇಸ್ಪೀಟು ಆಡುತ್ತಿರುವ ಮಾವಂದಿರ ಹತ್ತಿರ ಹೋಗಿ, ಅವರ ಕಟ್ಟನ್ನೇ ಇಸಿದುಕೊಂಡು, ಅವರಿಂದಲೇ ಕಲೆಸಿಸಿ ಒಂದು ಆಟ ಮಾಡಿ ನೋಡಿ. ಜಿಗುಟು ಎಲೆ, ಮೂಲೆ ಮಡಚಿದ ಎಲೆ, ಕಾಫಿ ಕಲೆ, ಒಂದು ಎಲೆ ಕಮ್ಮಿ ಕೂಡ ಇರಬಹುದು. ಆದರೂ ಐನೂರು ರೂಪಾಯಿಯ ಎಲೆ ಕೊಡದ ಬೆರಗು ಅದರಲ್ಲಿ ಬರುತ್ತದೆ.

ಇನ್ನೊಂದು ವಿಷಯ. ಇಂಗ್ಲಿಷ್ ಪುಸ್ತಕದಲ್ಲಿ ಮೊದಲ ಪಾಠ ಓವರ್‌ಹ್ಯಾಂಡ್ ಷಫಲ್ (ಕಟ್ಟನ್ನು ಅಡ್ಡ ನಿಲ್ಲಿಸಿ ಹಿಡಿದು ಕಲೆಸೋದು), ಆಮೇಲೆ ರಿಫಲ್ (ಕಟ್ಟನ್ನು ಎರಡು ಭಾಗ ಮಾಡಿ, ತುದಿ ಬಗ್ಗಿಸಿ ಒಂದರೊಳಗೊಂದು ಬೀಳಿಸೋದು). ನಮ್ಮಲ್ಲಿ ಜನ ಹಾಗೆ ಕಲೆಸೋದೇ ಕಮ್ಮಿ. ಎಡಗೈಯಲ್ಲಿ ಕಟ್ಟು ಹಿಡಿದು ಮೇಲಿನಿಂದ ಸ್ವಲ್ಪ ಸ್ವಲ್ಪ ಎಳೆದು ಕೆಳಕ್ಕೆ ಬೀಳಿಸುತ್ತಾ ಹೋಗುತ್ತೇವಲ್ಲ, ಅದನ್ನು ಅವರು ಹಿಂದೂ ಷಫಲ್ ಅನ್ನುತ್ತಾರೆ. ಕೆಳಗಿನ ಎಲೆ ನೋಡಿಕೊಳ್ಳೋದು, ಬೇಕಾದ ಎಲೆ ಅವರ ಕೈಗೆ ಬರುವಂತೆ ಮಾಡೋದು, ಅವರ ಎಲೆ ಮೇಲೆ ತರೋದು, ಮೂರೂ ಆ ಕಲೆಸುವಿಕೆಯಲ್ಲಿ ಸುಲಭ. ನಿಮ್ಮ ಕೈಗೆ ಹುಟ್ಟಿನಿಂದ ಬಂದಿದೆ, ಯಾರಿಗೂ ಅನುಮಾನವೂ ಬರೋದಿಲ್ಲ. ಅದನ್ನು ಬಿಟ್ಟು ತಿಂಗಳುಗಟ್ಟಲೆ ರಿಫಲ್ ಕಲಿಯುತ್ತಾ ಎಲೆ ಬಗ್ಗಿಸಿ ಹಾಳು ಮಾಡುವವರನ್ನು ತುಂಬಾ ನೋಡಿದ್ದೇನೆ.

ಕುಡ್ಲದ_ಮಳೆ:
ಕರಾವಳಿಯವರಿಗೆ ಒಂದು ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದದ ಎಲೆ ತೇವ ಹೀರಿ ಹಪ್ಪಳದ ಹಾಗೆ ಬಾಗುತ್ತದೆ. ಡಜನ್ ಪ್ಯಾಕ್ ಒಟ್ಟಿಗೆ ತೆಗೆದರೆ ಅಗ್ಗ ಅಂತ ತರಿಸಿದವರು ಒಡೆಯದ ಪ್ಯಾಕ್ ಕೂಡ ಊದಿರೋದು ನೋಡಿದ್ದಾರೆ. ಒಂದು ಒಂದೇ ತೆಗೆಯಿರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಟ್ಟ ಚೀಲ ಹಾಕಿಡಿ. ಶೂ ಡಬ್ಬಿಯಲ್ಲಿ ಬರುತ್ತಲ್ಲ ಅದೇ ಸಾಕು.

ಇನ್ವಿಸಿಬಲ್ ಥ್ರೆಡ್ ಬೇಡವೇ ಬೇಡ. ಕಾರಣ ನಿಮ್ಮ ತಲೆ ಮೇಲೇ ತಿರುಗುತ್ತಿದೆ. ಸೀಲಿಂಗ್ ಫ್ಯಾನ್! ನೋಟು ಗಾಳಿಯಲ್ಲಿ ತೇಲುವ ವಿಡಿಯೋ ಎಲ್ಲ ಫ್ಯಾನ್ ಇಲ್ಲದ ಕೋಣೆಯಲ್ಲಿ ಮಾಡಿದ್ದು. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳು ಹತ್ತು ಜನರನ್ನು ಕೂರಿಸಿ 'ಸ್ವಲ್ಪ ಫ್ಯಾನ್ ಆರಿಸಿ' ಅಂದರೆ ಜಾದೂ ಆಮೇಲೆ, ಮೊದಲು ಬೈಗುಳ. ಟ್ಯೂಬ್‌ಲೈಟ್ ಬಿಳಿ ಗೋಡೆ ಮುಂದೆ ದಾರ ಕಂಡುಬಿಡುವ ಅಪಾಯ ಬೇರೆ.

ಗಣಿತ_ಮೇಡಂ:
ಥಂಬ್ ಟಿಪ್ ಇರಲಿ ಅಂತ ನನ್ನ ಮತ. ಅಗ್ಗ, ಶಾಲೆ ಮಕ್ಕಳ ಮುಂದೆ ಕರವಸ್ತ್ರ ಮಾಯ ಮಾಡೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಆದರೆ ಅದರ ಬಣ್ಣ ಗುಲಾಬಿ, ನಮ್ಮ ಮೈಬಣ್ಣಕ್ಕೆ ಹೊಂದೋದಿಲ್ಲ ಅಂತ ಒಂದಾದ ಮೇಲೆ ಒಂದು ತರಿಸುತ್ತಾರೆ, ಪೇಂಟ್ ಹಚ್ಚುತ್ತಾರೆ, ಆಮೇಲೆ ಅದು ಕಿತ್ತು ಕರವಸ್ತ್ರಕ್ಕೆ ಅಂಟುತ್ತದೆ.

ಬರ್ತ್‌ಡೇ_ಜಾದೂಗಾರ:
ಮೇಡಂ ಹೇಳಿದ್ದು ಸರಿ. ಬಣ್ಣ ದೊಡ್ಡ ವಿಷಯ ಅಲ್ಲ. ಹೆಬ್ಬೆರಳ ತುದಿ ನೋಡುವವರ ಕಡೆಗೆ ನೇರ ಚಾಚಿದ್ದರೆ, ಕೈ ಸುಮ್ನೆ ಅಲ್ಲಾಡುತ್ತಿದ್ದರೆ ಯಾರಿಗೂ ಗೊತ್ತಾಗೋದಿಲ್ಲ. ಸಿಕ್ಕಿಬೀಳೋದು ನಾವು ಅದನ್ನೇ ದಿಟ್ಟಿಸಿ ನೋಡಿದಾಗ. ನೀವು ಎಲ್ಲಿ ನೋಡುತ್ತೀರೋ ಅವರೂ ಅಲ್ಲೇ ನೋಡುತ್ತಾರೆ.

ಬಂದಿದ್ದೇನೆ, ಇನ್ನಷ್ಟು ಬರೆದೇ ಹೋಗುತ್ತೇನೆ. ನನಗೆ ಇದು ಹವ್ಯಾಸ ಅಲ್ಲ, ಹೊಟ್ಟೆಪಾಡು. ವಾರಾಂತ್ಯದಲ್ಲಿ ಮಕ್ಕಳ ಹುಟ್ಟುಹಬ್ಬ, ಅಪಾರ್ಟ್‌ಮೆಂಟ್ ಗಣೇಶೋತ್ಸವ. ಹವ್ಯಾಸಿಗಳು ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಸಾಮಾನು ಮಾರೋಕೆ ಬರುತ್ತಾರೆ, ಅದಕ್ಕೇ ಯಾವುದು ವ್ಯರ್ಥ ಅಂತ ಚೆನ್ನಾಗಿ ಗೊತ್ತು. ದೊಡ್ಡ ಪೆಟ್ಟಿಗೆಗಳು ಮೊದಲು. ಮನುಷ್ಯನನ್ನು ಕತ್ತರಿಸುವ, ಮಾಯ ಮಾಡುವ ಪೆಟ್ಟಿಗೆ. ಜಾದೂಗಾರ ಪಿ.ಸಿ. ಸರ್ಕಾರ್ ಅವರು 1956ರಲ್ಲಿ ಬಿಬಿಸಿಯಲ್ಲಿ ಹುಡುಗಿಯನ್ನು ಗರಗಸದಿಂದ ಕತ್ತರಿಸಿದಾಗ ಲಂಡನ್ನಿನ ಜನ ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡಿದ್ದರು. ಅವರ ಹಿಂದೆ ದೊಡ್ಡ ತಂಡ ಇತ್ತು, ಬೆಳಕು ಇತ್ತು, ವರ್ಷಗಳ ತಯಾರಿ ಇತ್ತು. ನಮ್ಮವರು ಪ್ಲೈವುಡ್ ಪೆಟ್ಟಿಗೆ ಮಾಡಿಸಿ ತಂದು, ಎರಡು ಬಿಎಚ್‌ಕೆ ಮನೆಯಲ್ಲಿ ಇಡೋಕೆ ಜಾಗ ಇಲ್ಲದೆ ಟೆರೇಸ್ ಮೇಲೆ ಮಳೆಗೆ ಬಿಡುತ್ತಾರೆ.

ಪಾರಿವಾಳ, ಮೊಲ ಬೇಡ. ಅದು ಖರ್ಚಿನ ಮಾತಲ್ಲ, ಜೀವದ ಮಾತು. ಕೋಟಿನೊಳಗೆ ಉಸಿರುಗಟ್ಟಿಸಿ ಇಟ್ಟುಕೊಳ್ಳೋಕೆ ಅದೇನು ಕರವಸ್ತ್ರವಾ?

ಫ್ಲ್ಯಾಶ್ ಪೇಪರ್ ಅಂತ ಮಾರುತ್ತಾರೆ, ಕಿಡಿ ತಾಗಿದ ತಕ್ಷಣ ಭಗ್ ಅಂತ ಉರಿದು ಬೂದಿಯಿಲ್ಲದೆ ಹೋಗುತ್ತದೆ. ಅದು ನೈಟ್ರೋಸೆಲ್ಯುಲೋಸ್. ಮನೆಯಲ್ಲಿ ಕಟ್ಟುಗಟ್ಟಲೆ ಇಡಬೇಡಿ, ಸಿಂಥೆಟಿಕ್ ಸೀರೆ, ಬಲೂನು, ಥರ್ಮೋಕೋಲ್ ಅಲಂಕಾರದ ಹತ್ತಿರ ತೆಗೆಯಲೇಬೇಡಿ. ಹಾಗೇ ಬ್ಲೇಡ್ ನುಂಗೋದು, ಬೆಂಕಿ ತಿನ್ನೋದು ವಿಡಿಯೋ ನೋಡಿ ಕಲಿಯುವ ವಿಷಯ ಅಲ್ಲ. ಇದನ್ನು ಓದುತ್ತಿರುವ ಹುಡುಗರು ಯಾರಾದರೂ ಇದ್ದರೆ ನಿಮಗೇ ಹೇಳುತ್ತಿರೋದು.

ಇನ್ನೊಂದು, ಯಾರೂ ಹೇಳದ ವಿಷಯ. ವಿಡಿಯೋದಲ್ಲಿ ಕಲಿಸುವವರು ಕೋಟು ಹಾಕಿಕೊಂಡು ಮೇಜಿನ ಹಿಂದೆ ಕೂತಿರುತ್ತಾರೆ. ತೋಳಿನೊಳಗೆ ಜಾರಿಸೋದು, ಕೋಟಿನ ಒಳಜೇಬು, ಮೇಜಿನಂಚಿನಿಂದ ತೊಡೆ ಮೇಲೆ ಬೀಳಿಸೋದು. ನೀವು ಅರ್ಧ ತೋಳಿನ ಶರ್ಟ್ ಹಾಕಿಕೊಂಡು ಚಾಪೆ ಮೇಲೆ ಕೂತು, ಸುತ್ತ ಜನ, ಬೆನ್ನ ಹಿಂದೆ ಇಬ್ಬರು ಮಕ್ಕಳು. ಇಲ್ಲಿ ಆ ಸಾಮಾನಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಯಾವ ಆಟ ಆದರೂ ಮೊದಲು ಗೋಡೆಗೆ ಬೆನ್ನು ಕೊಟ್ಟು ಕೂರೋದು ಕಲಿಯಿರಿ, ಅದಕ್ಕೆ ದುಡ್ಡಿಲ್ಲ.

ಹುಬ್ಬಳ್ಳಿ_ಮಂದಿ:
ಇಷ್ಟೆಲ್ಲ ಬೇಡ ಬೇಡ ಅಂದರೆ ಅವರು ಕಲಿಯೋದು ಏನನ್ನ? ಸ್ವಲ್ಪ ಆಸೆ ಇಟ್ಟುಕೊಳ್ಳೋಕೆ ಬಿಡಿ ರೀ. ಇನ್ವಿಸಿಬಲ್ ಡೆಕ್ ಒಂದು ಇರಲಿ. ಜಾಸ್ತಿ ಕೈಚಳಕ ಬೇಡ, ಮೊದಲ ದಿನವೇ ಮಂದಿ ಬೆರಗಾಗುತ್ತಾರೆ. ಆ ಖುಷಿ ಸಿಕ್ಕರೆ ತಾನೇ ಮುಂದೆ ಕಲಿಯೋದು?

ಎಲೆ_ಕಲೆಸುವವ:
ಆಯ್ತು, ಅದೊಂದು ಇರಲಿ. ಅದು ನಿಜವಾಗಲೂ ಒಳ್ಳೆ ಆಟ, ವೃತ್ತಿಯವರೂ ಮಾಡುತ್ತಾರೆ. ಒಂದು ಗುಂಪಿಗೆ ಒಂದೇ ಸಲ ಮಾಡಬೇಕು, ಮಾಡಿದ ತಕ್ಷಣ ಡಬ್ಬಿಗೆ ಸೇರಿಸಿ ಜೇಬಿಗೆ ಹಾಕಬೇಕು. 'ಇನ್ನೊಂದು ಸಲ' ಅಂತ ಕೇಳಿದಾಗ ಮಾಡಿಬಿಡೋದು ಹೊಸಬರು ಮಾಡುವ ತಪ್ಪುಗಳಲ್ಲೇ ದೊಡ್ಡದು. ಮೊದಲ ಸಲ ಅವರಿಗೆ ಏನಾಗುತ್ತದೆ ಅಂತ ಗೊತ್ತಿರೋದಿಲ್ಲ. ಎರಡನೇ ಸಲ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಕೇಳಿದರೆ ಬೇರೆ ಆಟ ಮಾಡಿ. ಬೇರೆ ಇಲ್ಲದಿದ್ದರೆ ಕಾಫಿ ಕೇಳಿ.

ಶಿವಮೊಗ್ಗ_ಹೊಸಬ:
ಇದು ಯಾವುದೂ ಅಂಗಡಿಯವರು ಹೇಳಲಿಲ್ಲ ನೋಡಿ. ಎರಡು ಪ್ರಶ್ನೆ. ವಿಡಿಯೋ ಸಾಕಾ, ಪುಸ್ತಕ ಬೇಕಾ? ಮತ್ತೆ ಒಂದು ಟೆಲಿಗ್ರಾಂ ಗುಂಪಿನಲ್ಲಿ ಮುನ್ನೂರು ರೂಪಾಯಿಗೆ ಸಾವಿರಾರು ಜಾದೂ ಪಿಡಿಎಫ್, ವಿಡಿಯೋ ಕೊಡುತ್ತಾರಂತೆ, ತೆಗೆದುಕೊಳ್ಳಬಹುದಾ?

ಗಣಿತ_ಮೇಡಂ:
ಆ ಗುಂಪು ಬೇಡ. ಕದ್ದ ಮಾಲು ಅನ್ನೋದು ಒಂದು. ಇನ್ನೊಂದು, ಸಾವಿರ ಆಟ ಒಟ್ಟಿಗೆ ಸಿಕ್ಕರೆ ಒಂದನ್ನೂ ಕಲಿಯೋದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡು 'ನನ್ನ ಹತ್ತಿರ ಇದೆ' ಅನ್ನುವ ಸಮಾಧಾನ ಅಷ್ಟೇ.

ಇಂಗ್ಲಿಷ್ ಓದೋಕೆ ತೊಂದರೆ ಇಲ್ಲದಿದ್ದರೆ ಒಂದೇ ಪುಸ್ತಕ ತೆಗೆಯಿರಿ. ಎಲೆ ಮಾತ್ರ ಬೇಕು ಅಂದರೆ ಹ್ಯೂಗಾರ್ಡ್ ಮತ್ತು ಬ್ರೌವೆ ಬರೆದ 'ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್'. ಹಳೆ ಕಾಲದ ಭಾಷೆ, ಆದರೆ ಒಂದು ಕೈಚಳಕ ಕಲಿಸಿ, ಅದನ್ನು ಬಳಸುವ ಆಟಗಳನ್ನು ಅಲ್ಲೇ ಕೊಡುತ್ತಾರೆ, ಆಮೇಲೆ ಮುಂದಿನದು. ನನಗೆ ಪಠ್ಯಪುಸ್ತಕದ ಕ್ರಮ ಅಂದರೆ ಇಷ್ಟ, ಕೆಲಸದ ಚಾಳಿ. ಎಲೆ, ನಾಣ್ಯ, ಹಗ್ಗ ಎಲ್ಲ ಬೇಕು ಅಂದರೆ ಮಾರ್ಕ್ ವಿಲ್ಸನ್ ಅವರ ದೊಡ್ಡ ಪುಸ್ತಕ, ತುಂಬಾ ಚಿತ್ರಗಳಿವೆ. ಎರ್ಡ್‌ನೇಸ್ ಹೆಸರಲ್ಲಿ 1902ರಲ್ಲಿ ಬಂದ ಪುಸ್ತಕ ಅಂತರ್ಜಾಲದಲ್ಲಿ ಕಾನೂನುಬದ್ಧವಾಗಿ ಪುಕ್ಕಟೆ ಸಿಗುತ್ತದೆ ಅಂತ ಎಲ್ಲರೂ ಮೊದಲು ಅದನ್ನೇ ತೆರೆಯುತ್ತಾರೆ. ಅದು ಹೊಸಬರಿಗೆ ಬರೆದಿದ್ದಲ್ಲ, ಹತ್ತು ಪುಟಕ್ಕೆ ತಲೆನೋವು ಬರುತ್ತದೆ. ಈಗ ಮುಟ್ಟಬೇಡಿ.

ವಿಡಿಯೋ ಕೆಟ್ಟದ್ದಲ್ಲ. ಕೈ ಹೇಗೆ ಚಲಿಸುತ್ತದೆ, ಎಷ್ಟು ವೇಗ ಅನ್ನೋದು ಪುಸ್ತಕದಲ್ಲಿ ಸಿಗೋದಿಲ್ಲ. ತೊಂದರೆ ಏನೆಂದರೆ ಕಲಿಸುವವರ ಮಾತು, ನಗು, ಕೈ ತಿರುವು ಎಲ್ಲ ಹಾಗೇ ಅಂಟಿಕೊಳ್ಳುತ್ತದೆ. ನಮ್ಮ ಹುಡುಗರು ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಾ ಇದ್ದವರು ಎಲೆ ಕೈಗೆ ಬಂದ ತಕ್ಷಣ 'ಪಿಕ್ ಎ ಕಾರ್ಡ್, ಎನಿ ಕಾರ್ಡ್' ಅನ್ನುತ್ತಾರೆ. ಅಜ್ಜನ ಮುಂದೆ! ಏನು ಮಾತಾಡಬೇಕು ಅಂತ ಮೊದಲೇ ಕನ್ನಡದಲ್ಲಿ ಬರೆದುಕೊಳ್ಳಿ. 'ಒಂದು ಎಲೆ ಎಳೀರಿ, ನನಗೆ ತೋರಿಸಬೇಡಿ, ಪಕ್ಕದವರಿಗೆ ತೋರಿಸಿ.' ಇಷ್ಟು ಸಾಕು. ಪಕ್ಕದವರಿಗೆ ತೋರಿಸಿ ಅನ್ನೋದು ಮುಖ್ಯ, ಯಾಕೆಂದರೆ ಕೊನೆಯಲ್ಲಿ ಎಳೆದವರು ತಮ್ಮ ಎಲೆ ಮರೆತಿದ್ದರೂ ಆಟ ಉಳಿಯುತ್ತದೆ. ಮರೆಯುತ್ತಾರೆ, ನಂಬಿ.

ಜೇಬಲ್ಲಿ_ನಾಣ್ಯ:
ಕನ್ನಡಿ ಮುಂದೆ ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ. ಗುಟ್ಟಿನ ಚಲನೆ ಮಾಡುವ ಆ ಕ್ಷಣಕ್ಕೆ ಸರಿಯಾಗಿ ಕಣ್ಣು ಮಿಟುಕಿಸೋದು ರೂಢಿಯಾಗುತ್ತದೆ, ಹಾಗಾಗಿ ತಪ್ಪು ನಮಗೆ ಕಾಣೋದೇ ಇಲ್ಲ. ಫೋನ್ ನಿಲ್ಲಿಸಿ ವಿಡಿಯೋ ಮಾಡಿ, ಎದುರಿನಿಂದ ಒಂದು ಸಲ, ಎಡದಿಂದ, ಬಲದಿಂದ. ಮಾರನೇ ದಿನ ನೋಡಿ, ಅದೇ ದಿನ ನೋಡಿದರೆ ನಮ್ಮ ಮೇಲೆ ನಮಗೆ ಪ್ರೀತಿ ಜಾಸ್ತಿ.

ಕುಡ್ಲದ_ಮಳೆ:
ಮೆಂಟಲಿಸಂ, ಅಂದರೆ ಮನಸ್ಸು ಓದಿದ ಹಾಗೆ ತೋರಿಸುವ ಆಟದ ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಬರೆದದ್ದು ಗೊತ್ತಾಗುವ ಪರ್ಸು, ನೋಟ್‌ಪ್ಯಾಡು, ಆ್ಯಪ್‌ಗೆ ಜೋಡಿಸುವ ಪೆನ್ನು, ಎಲ್ಲ ಸಾವಿರಗಳ ಲೆಕ್ಕ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಮೇಲೆ ಕೊರಿಯರ್‌ನವರ ಶುಲ್ಕ. ವೆಬ್‌ಸೈಟಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ.

ಅದಕ್ಕಿಂತ ದೊಡ್ಡ ತಲೆಬಿಸಿ ಇನ್ನೊಂದು. ನೀವು ಒಬ್ಬರ ಮನಸ್ಸಿನಲ್ಲಿರುವ ಹೆಸರು ಹೇಳಿದರೆ ಮರುದಿನ ಪಕ್ಕದ ಮನೆ ಆಂಟಿ ಬಂದು 'ಕಳೆದುಹೋದ ಸರ ಎಲ್ಲಿದೆ ಸ್ವಲ್ಪ ನೋಡಿ ಹೇಳು ಮಗಾ' ಅಂತ ಕೂರುತ್ತಾರೆ. ನಗಬೇಡಿ, ಆಗುತ್ತದೆ. ಆ ಕ್ಷಣದಲ್ಲಿ 'ಇದು ಟ್ರಿಕ್ ಆಂಟಿ, ನನಗೇನೂ ಗೊತ್ತಾಗೋದಿಲ್ಲ' ಅಂತ ನೇರವಾಗಿ ಹೇಳಬೇಕು. ಹುಲಿಕಲ್ ನಟರಾಜ್ ಅವರು ಊರೂರಿಗೆ ಹೋಗಿ ಪವಾಡಗಳ ಹಿಂದಿನ ಕೈಚಳಕ ಬಿಡಿಸಿ ತೋರಿಸುತ್ತಾರಲ್ಲ, ಒಂದು ಸಲ ನೋಡಿ. ಟ್ರಿಕ್ ಅಂತ ಹೇಳಿದ ಮೇಲೂ ಜನ ಕಣ್ಣು ಬಿಟ್ಟು ನೋಡುತ್ತಾರೆ, ಮಜಾ ಏನೂ ಕಮ್ಮಿ ಆಗೋದಿಲ್ಲ.

ಶಿವಮೊಗ್ಗ_ಹೊಸಬ:
ಸರಿ, ಕಾರ್ಟ್ ಖಾಲಿ ಮಾಡಿ ಮತ್ತೆ ತುಂಬಿಸಿದೆ. ಬೈಸಿಕಲ್ ಒಂದು ಪ್ಯಾಕ್, ಇನ್ವಿಸಿಬಲ್ ಡೆಕ್, ಥಂಬ್ ಟಿಪ್, ಸ್ಪಾಂಜ್ ಬಾಲ್, ಒಂದು ಪುಸ್ತಕ. ಎರಡು ಸಾವಿರದ ಆಸುಪಾಸು ಬರುತ್ತಿದೆ. ಹಿತ್ತಾಳೆ ಕಪ್ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ, ಚೆನ್ನಾಗಿದೆ ನೋಡೋಕೆ.

ಬರ್ತ್‌ಡೇ_ಜಾದೂಗಾರ:
ಚೆನ್ನಾಗಿರೋದು ನಿಜ, ಮನೆಯಲ್ಲಿ ಹೂ ಇಡೋಕೂ ಆಗುತ್ತದೆ. ಕಲಿಯೋಕೆ ಮೂರು ಪೇಪರ್ ಲೋಟ ಸಾಕು, ಟೀ ಅಂಗಡಿಯ ಪುಟ್ಟದ್ದಲ್ಲ, ಜ್ಯೂಸ್ ಕೊಡುವ ಗಾತ್ರದ್ದು. ಒಂದರೊಳಗೆ ಒಂದು ಕೂರಿಸಿದಾಗ ನಡುವೆ ಚೆಂಡು ಅಡಗುವಷ್ಟು ಜಾಗ ಇರಬೇಕು, ಅದನ್ನು ಮೊದಲು ನೋಡಿ. ಎಷ್ಟೋ ಅಗ್ಗದ ಹಿತ್ತಾಳೆ ಸೆಟ್‌ಗಳಲ್ಲಿ ಆ ಜಾಗವೇ ಇರೋದಿಲ್ಲ, ಎತ್ತಿದಾಗ ಠಣ್ ಅಂತ ಸದ್ದು ಬೇರೆ. ಚೆಂಡಿಗೆ ಟಿಶ್ಯೂ ಕಾಗದದ ಉಂಡೆ ಮಾಡಿಕೊಳ್ಳಿ. ಆರು ತಿಂಗಳು ಕಳೆದ ಮೇಲೂ ಪೇಪರ್ ಲೋಟದಲ್ಲಿ ಮಾಡುತ್ತಿದ್ದರೆ ನನಗೆ ಮೆಸೇಜ್ ಹಾಕಿ, ನನ್ನ ಹತ್ತಿರ ಒಂದು ಒಳ್ಳೆ ತಾಮ್ರದ ಸೆಟ್ ಇದೆ, ಯಾರೋ ಒಬ್ಬ ಹವ್ಯಾಸಿ ಮಾರಿದ್ದು. ಅರ್ಧ ಬೆಲೆಗೆ ಕೊಡುತ್ತೇನೆ.

ಹುಬ್ಬಳ್ಳಿ_ಮಂದಿ:
ಆ ಹವ್ಯಾಸಿ ನಾನಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ.

ಗಣಿತ_ಮೇಡಂ:
ಸ್ಪಾಂಜ್ ಬಾಲ್ ಗಾತ್ರ ನೋಡಿಕೊಂಡು ತೆಗೆಯಿರಿ. ಎರಡು ಇಂಚಿನದು ಸಣ್ಣ ಕೈಗೆ ಅಡಗೋದಿಲ್ಲ, ಒಂದೂವರೆ ಇಂಚಿನ ನಾಲ್ಕರ ಸೆಟ್ ಸಾಕು. ಕೆಂಪು ಇದ್ದರೆ ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಮೇಲಿನ ಶೆಲ್ಫ್‌ನಲ್ಲಿ ಇಡಿ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ.